ಕೆಡವುವ ಮೊದಲು ಆ ಶಾಲೆಯನ್ನು ಸರಿಯಾಗಿ ನೋಡಿದವರು ಯಾರಾದರೂ ಇದ್ದೀರಾ?

ಹಳೆಬೆಂಚು
ನಾನು ಎಂಟರಿಂದ ಹತ್ತನೆಯ ತರಗತಿಯವರೆಗೆ ಓದಿದ ಪ್ರೌಢಶಾಲೆ ಶಿವಮೊಗ್ಗ ಪೇಟೆಯ ನಡುವೆಯೇ ಇದೆ. ಹೆಸರು ಹೇಳುವುದು ಬೇಡ, ಅಲ್ಲಿ ಈಗ ಕೆಲಸ ಮಾಡುತ್ತಿರುವವರಿಗೆ ತೊಂದರೆಯಾಗಬಾರದು. ಕಳೆದ ವಾರ ಅಕ್ಕನ ಮಗನ ವರ್ಗಾವಣೆ ಪತ್ರಕ್ಕೆಂದು ಹೋಗಿದ್ದೆ. ಪಶ್ಚಿಮದ ಮೆಟ್ಟಿಲ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಗುಣಾಕಾರ ಚಿಹ್ನೆ ಹಾಕಿದ್ದಾರೆ. ವಿಚಾರಿಸಿದರೆ, "ಶಿಥಿಲ ಕಟ್ಟಡ, ಕೆಡವಿ ಹೊಸದು ಕಟ್ಟುತ್ತಾರಂತೆ" ಎಂದರು.

ನೋಡದವರಿಗಾಗಿ ಹೇಳುತ್ತೇನೆ. ಎರಡು ಅಂತಸ್ತಿನ ಉದ್ದನೆಯ ಕಾಂಕ್ರೀಟ್ ಕಟ್ಟಡ. ಕೆಳಗೆ ಅರ್ಧ ಭಾಗ ಬರಿಯ ಕಂಬಗಳು, ಮಳೆಗಾಲದ ಪ್ರಾರ್ಥನೆ ಅಲ್ಲೇ. ಉತ್ತರದ ಗೋಡೆಯ ತುಂಬ ಪುಸ್ತಕದ ಹಾಳೆ ಬಿಡಿಸಿ ನಿಲ್ಲಿಸಿದಂತೆ ಲಂಬವಾದ ಕಾಂಕ್ರೀಟ್ ಹಲಗೆಗಳು. ದಕ್ಷಿಣಕ್ಕೆ ಉದ್ದ ಪಡಸಾಲೆ. ಪಶ್ಚಿಮದ ಮೆಟ್ಟಿಲಿಗೆ ನೆಲದಿಂದ ತಾರಸಿಯವರೆಗೂ ಚೌಕ ಚೌಕ ಜಾಲಿ. ನಾವು ಅದನ್ನು ಬೆಂಕಿಪೊಟ್ಟಣ ಎಂದು ಕರೆಯುತ್ತಿದ್ದೆವು. ಆದರೆ ಮಧ್ಯಾಹ್ನದ ನಂತರ ಆ ಜಾಲಿಯಿಂದ ಬಿದ್ದ ಬಿಸಿಲಿನ ಚೌಕಗಳು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದವು. ಏಳನೆಯ ಮೆಟ್ಟಿಲಿಗೆ ಬಂದರೆ ಕೊನೆಯ ಪಿರಿಯಡ್ ಮುಗಿಯಿತೆಂದೇ ಲೆಕ್ಕ. ಕೈಗಡಿಯಾರವಿಲ್ಲದ ನಮಗೆ ಅದೇ ಗಡಿಯಾರ.

ಇದನ್ನು ಯಾರು ಕಟ್ಟಿದರು, ಯಾವಾಗ ಕಟ್ಟಿದರು? ಉಳಿಸಿಕೊಳ್ಳುವಂಥದ್ದು ಅದರಲ್ಲಿ ನಿಜವಾಗಿಯೂ ಏನಾದರೂ ಇದೆಯೇ, ಅಥವಾ ಇದು ನನ್ನೊಬ್ಬನ ಮೋಹವೇ? ತಿಳಿದವರು ಬರೆಯಿರಿ.

ಬಿ.ಎಚ್. ರಸ್ತೆ
ಅದು ಬ್ರಿಟಿಷರ ಕಾಲದ್ದು. ಅದಕ್ಕೇ ಅಷ್ಟು ಗಟ್ಟಿ.

ನಿವೃತ್ತ ಮೇಷ್ಟರು
ಅಲ್ಲ. ಶಿವಮೊಗ್ಗ ಬ್ರಿಟಿಷರ ನೇರ ಆಡಳಿತದಲ್ಲಿ ಇದ್ದದ್ದು 1881ರವರೆಗೆ ಮಾತ್ರ. ಆಮೇಲೆ ಮಹಾರಾಜರ ಮೈಸೂರು ಸಂಸ್ಥಾನ. ಆ ಕಾಲದ ಶಾಲೆಗಳನ್ನು ನಾನು ಕಂಡಿದ್ದೇನೆ, ಅವುಗಳಲ್ಲಿ ಪಾಠವನ್ನೂ ಮಾಡಿದ್ದೇನೆ. ದಪ್ಪ ಗೋಡೆ, ಮಂಗಳೂರು ಹೆಂಚು, ಎತ್ತರದ ಮಾಡು, ಕಮಾನಿನ ಬಾಗಿಲು. ಚಪ್ಪಟೆ ತಾರಸಿ, ಕಂಬದ ಮೇಲೆ ನಿಂತ ತರಗತಿ, ಇವೆಲ್ಲ ಸ್ವಾತಂತ್ರ್ಯದ ನಂತರದ ಮಾತು. ಊರಿನಲ್ಲಿ ಹಳೆಯದೆಲ್ಲ ಬ್ರಿಟಿಷರದು ಎಂದು ಹೇಳುವ ಅಭ್ಯಾಸವನ್ನು ನಾವು ಬಿಡಬೇಕು. ನಮ್ಮ ಇಂಜಿನಿಯರುಗಳೇ, ನಮ್ಮ ಗಾರೆಯವರೇ ಕಟ್ಟಿದ್ದನ್ನು ಪರರ ಲೆಕ್ಕಕ್ಕೆ ಬರೆದಂತಾಗುತ್ತದೆ.

ಸೋಗೆಮನೆ
ಯಾರಾದರೂ ಕಟ್ಟಿರಲಿ, ಮಲೆನಾಡಿನಲ್ಲಿ ಚಪ್ಪಟೆ ತಾರಸಿ ಹಾಕಿದವರಿಗೆ ಮಳೆಯ ಪರಿಚಯವಿರಲಿಲ್ಲ. ನಾನು ತೀರ್ಥಹಳ್ಳಿ ಕಡೆಯವನು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಸುರಿಯುತ್ತದೆ. ನಮ್ಮ ಹಿರಿಯರು ಇಳಿಜಾರು ಮಾಡು, ಅಡಿಕೆ ಸೋಗೆ, ಆಮೇಲೆ ಹೆಂಚು ಹಾಕಿಕೊಂಡು ಬದುಕಿದರು. ನೀರು ಬಿದ್ದದ್ದೇ ಇಳಿದು ಹೋಗಬೇಕು, ನಿಲ್ಲಬಾರದು ಎಂಬುದು ಅವರಿಗೆ ಗೊತ್ತಿತ್ತು. ಎಲ್ಲಿಯದೋ ಪುಸ್ತಕ ನೋಡಿ ಇಲ್ಲಿ ಕಟ್ಟಿದರೆ ಪುನರ್ವಸು ಮಳೆಗೆ ತರಗತಿಯಲ್ಲಿ ಬಕೆಟ್ ಇಡಬೇಕಾಗುತ್ತದೆ. ನಾನು ಓದಿದ ಶಾಲೆಯಲ್ಲಿ ಇಟ್ಟಿದ್ದೆವು. ನಾಲ್ಕು ಬಕೆಟ್. ಸಮಾಜ ವಿಜ್ಞಾನದ ಪಾಠ ಕೇಳುತ್ತಿರಲಿಲ್ಲ, ಟಪ್ ಟಪ್ ಸದ್ದೇ ಕೇಳುತ್ತಿತ್ತು.

ಸಿಮೆಂಟು ಸರಳು
ಸೋಗೆಮನೆಯವರೇ, ಶಿವಮೊಗ್ಗ ಪೇಟೆ ಆಗುಂಬೆಯಲ್ಲ. ಮಲೆನಾಡಿನ ಹೆಬ್ಬಾಗಿಲು ಎನ್ನುವುದು ಸರಿ, ಆದರೆ ಹೆಬ್ಬಾಗಿಲಲ್ಲಿ ಬೀಳುವ ಮಳೆ ಘಟ್ಟದ ನೆತ್ತಿಯ ಮಳೆಯ ಸಣ್ಣ ಪಾಲು ಮಾತ್ರ. ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ತಾರಸಿ ಸೋರುವುದು ಚಪ್ಪಟೆಯಾಗಿರುವುದರಿಂದ ಅಲ್ಲ, ಮೇಲೆ ಹತ್ತಿ ನೋಡುವವರಿಲ್ಲದ್ದರಿಂದ. ಆ ಕಾಲದ ತಾರಸಿಗಳ ಮೇಲೆ ಇಟ್ಟಿಗೆ ಚೂರು, ಸುಣ್ಣ ಸೇರಿಸಿ ಬಡಿದು ಬಡಿದು ಕೂರಿಸಿದ ಪದರ ಇರುತ್ತಿತ್ತು, ಅದಕ್ಕೇ ಸಣ್ಣ ಇಳಿಜಾರು. ನೀರು ಹೊರಗೆ ಬೀಳಲು ದೋಣಿ. ಮರದ ಎಲೆ ಬಿದ್ದು ದೋಣಿಯ ಬಾಯಿ ಕಟ್ಟಿಕೊಂಡರೆ ತಾರಸಿ ಕೆರೆಯಾಗುತ್ತದೆ. ಮೇ ಕೊನೆಯಲ್ಲಿ ಒಬ್ಬ ಮನುಷ್ಯ ಪೊರಕೆ ಹಿಡಿದು ಒಂದು ದಿನ ಮೇಲೆ ಹತ್ತಿದರೆ ಮುಗಿಯುವ ಕೆಲಸ. ಯಾರೂ ಹತ್ತುವುದಿಲ್ಲ. ಹತ್ತು ವರ್ಷ ಬಿಟ್ಟು "ಶಿಥಿಲ" ಎಂದು ಬರೆಯುತ್ತಾರೆ.

ಸೋಗೆಮನೆ
ಪ್ರತಿ ವರ್ಷ ಒಬ್ಬ ಮನುಷ್ಯ ಹತ್ತಲೇಬೇಕು ಎನ್ನುವ ಕಟ್ಟಡವನ್ನು ಸರ್ಕಾರಿ ಶಾಲೆಗೆ ಕೊಟ್ಟದ್ದೇ ತಪ್ಪು.

ಸಿಮೆಂಟು ಸರಳು
ಹೆಂಚಿನ ಮಾಡಿಗೂ ಪ್ರತಿ ವರ್ಷ ಹತ್ತಲೇಬೇಕಲ್ಲವೇ? ಮಂಗ ಕುಣಿದು ಒಡೆದ ಹೆಂಚನ್ನು ಬದಲಿಸುವವರು ಯಾರು?

ಸೋಗೆಮನೆ
ಅದು ನಿಜ. ಮಂಗಗಳ ವಿಷಯದಲ್ಲಿ ನನ್ನ ಬಳಿ ಉತ್ತರವಿಲ್ಲ.

ನಕ್ಷೆಗಾರ್ತಿ
ನಾನು ವಾಸ್ತುಶಿಲ್ಪ ಓದಿದವಳು, ಸಾಗರದವಳು. ಹಳೆಬೆಂಚು ಹೇಳಿದ ಕಟ್ಟಡವನ್ನು ಬಸ್ಸಿನ ಕಿಟಕಿಯಿಂದ ನೂರು ಸಲ ನೋಡಿದ್ದೇನೆ, ಎರಡು ಸಲ ಒಳಗೂ ಹೋಗಿದ್ದೇನೆ. ಇದು ಮೋಹವಲ್ಲ, ಅಲ್ಲಿ ನೋಡುವಂಥದ್ದು ಇದೆ.

ಆಧುನಿಕ ವಾಸ್ತುಶಿಲ್ಪ ಎಂದ ಕೂಡಲೇ ಎಲ್ಲರೂ ಲೆ ಕಾರ್ಬ್ಯೂಸಿಯೆ, ಅವರು ರೂಪಿಸಿದ ಚಂಡೀಗಢ ಎನ್ನುತ್ತಾರೆ. ಕಟ್ಟಡವನ್ನು ಕಂಬಗಳ ಮೇಲೆ ಎತ್ತುವುದು, ಗೋಡೆಯ ಹೊರಗೆ ಬಿಸಿಲು ತಡೆಯುವ ಹಲಗೆ ನಿಲ್ಲಿಸುವುದು, ಕಾಂಕ್ರೀಟನ್ನು ಬಚ್ಚಿಡದೆ ತೋರಿಸುವುದು, ಇವು 1950ರ ದಶಕದಲ್ಲಿ ಚಂಡೀಗಢದಿಂದ ದೇಶದ ತುಂಬ ಹಬ್ಬಿದವು. ಅಲ್ಲಿಯ ಶಾಲೆಗಳನ್ನು ಮಾಡಿದವರು ಹೆಚ್ಚಾಗಿ ಪಿಯರ್ ಜೆನರೆ ಮತ್ತು ಜೇನ್ ಡ್ರ್ಯೂ. ಆದರೆ ನಮ್ಮ ಮೈಸೂರು ಸಂಸ್ಥಾನಕ್ಕೆ ಆಧುನಿಕತೆ ಅದಕ್ಕೂ ಮೊದಲೇ ಬಂದಿತ್ತು. ನಾಜಿ ಜರ್ಮನಿಯನ್ನು ಬಿಟ್ಟು ಬಂದ ಆಟೋ ಕೋನಿಗ್ಸ್‌ಬರ್ಗರ್ ಎಂಬ ವಾಸ್ತುಶಿಲ್ಪಿಯನ್ನು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು 1939ರಲ್ಲಿ ಸರ್ಕಾರಿ ಕೆಲಸಕ್ಕೆ ಕರೆಸಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಕಟ್ಟಡಗಳು ಇಂದಿಗೂ ಇವೆ. ಸೆಖೆ, ಗಾಳಿ, ಬಿಸಿಲಿನ ಕೋನ ಇವನ್ನು ಮೊದಲು ಅಳೆದು ಆಮೇಲೆ ಗೋಡೆ ಎಬ್ಬಿಸಬೇಕು ಎಂಬುದು ಅವರ ಹಟ. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನೇ ಪಾಠವಾಗಿ ಕಲಿಸಿದರು.

ಬಿ.ಎಚ್. ರಸ್ತೆ
ಹಾಗಾದರೆ ನಮ್ಮ ಶಾಲೆಯನ್ನು ಆ ಜರ್ಮನ್ ಮನುಷ್ಯ ಕಟ್ಟಿದ್ದೇ!

ನಕ್ಷೆಗಾರ್ತಿ
ಇಲ್ಲ, ಇಲ್ಲ. ಅವರು 1948ರಲ್ಲಿ ದೆಹಲಿಗೆ ಹೋದರು, 1951ರಲ್ಲಿ ದೇಶವನ್ನೇ ಬಿಟ್ಟರು. ಈ ಶಾಲೆ ಆಮೇಲಿನದು. ದಯವಿಟ್ಟು ಇದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಬೇಡಿ, ನಾಳೆ ಬೆಳಗ್ಗೆ ಅದೇ ಇತಿಹಾಸವಾಗಿಬಿಡುತ್ತದೆ. ಯಾರೋ ದೊಡ್ಡವರು ಕಟ್ಟಿದ್ದರೆ ಮಾತ್ರ ಉಳಿಸಬೇಕೇ? ಹೆಸರಿಲ್ಲದ ಒಬ್ಬ ಸಹಾಯಕ ಇಂಜಿನಿಯರ್ ಇಷ್ಟು ಯೋಚಿಸಿ ಕಟ್ಟಿದ್ದಾನೆ ಎನ್ನುವುದೇ ನನಗೆ ಹೆಚ್ಚು ದೊಡ್ಡ ಸಂಗತಿ.

ತುಂಗಾನಾಲೆ
"ಯೋಚಿಸಿ" ಎಂಬುದಕ್ಕೆ ನನ್ನ ಆಕ್ಷೇಪವಿದೆ. ಬಿಸಿಲಿನ ಹಲಗೆಗಳು ಉತ್ತರದ ಗೋಡೆಯಲ್ಲಿವೆ. ನಮ್ಮ ದೇಶದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಹೋಗುತ್ತಾನೆ, ಉತ್ತರದ ಗೋಡೆಗೆ ಬಿಸಿಲೇ ಬೀಳುವುದಿಲ್ಲ. ಚಂಡೀಗಢದ ಫೋಟೋ ನೋಡಿ ನಕಲು ಹೊಡೆದದ್ದು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ನಕ್ಷೆಗಾರ್ತಿ
ಚಂಡೀಗಢಕ್ಕೆ ನಿಮ್ಮ ಮಾತು ಬಹುಮಟ್ಟಿಗೆ ಸರಿ. ಶಿವಮೊಗ್ಗಕ್ಕೆ ಅಲ್ಲ. ನಾವಿರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕರ್ಕಾಟಕ ವೃತ್ತದ ಒಳಗೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನೆತ್ತಿಗೆ ಬರುತ್ತಾನೆ, ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನಲ್ಲಿ ನಮ್ಮ ಉತ್ತರಕ್ಕೇ ಇರುತ್ತಾನೆ. ಮತ್ತೆ ನೆತ್ತಿಗೆ ಬರುವುದು ಯಾವಾಗ ಗೊತ್ತೇ? ಆಗಸ್ಟ್ 15ರ ಆಸುಪಾಸು. ಆ ದಿನ ಮೋಡವಿಲ್ಲದಿದ್ದರೆ ಮಧ್ಯಾಹ್ನ ಹನ್ನೆರಡೂವರೆಗೆ ನಿಮ್ಮ ಶಾಲೆಯ ಧ್ವಜಸ್ತಂಭಕ್ಕೆ ನೆರಳೇ ಇರುವುದಿಲ್ಲ.

ಹಳೆಬೆಂಚು
ಮೂರು ವರ್ಷ ಆ ಧ್ವಜದ ಹಗ್ಗ ಹಿಡಿದವನು ನಾನು. ಪ್ರತಿ ಬಾರಿಯೂ ಮಳೆಯೇ. ನೆರಳಿನ ವಿಷಯ ಗೊತ್ತಿರಲಿಲ್ಲ.

ತುಂಗಾನಾಲೆ
ಲೆಕ್ಕ ಒಪ್ಪಿದೆ. ಆದರೆ ಕೇಳಿ: ಮೇ ತಿಂಗಳು ಪೂರ್ತಿ ರಜೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ. ಸೂರ್ಯ ಉತ್ತರದಲ್ಲಿದ್ದಾಗ ಒಂದೋ ಮಕ್ಕಳಿಲ್ಲ, ಇಲ್ಲವೇ ಬಿಸಿಲಿಲ್ಲ. ಹಾಗಾದರೆ ಆ ಹಲಗೆಗಳು ಯಾರಿಗಾಗಿ?

ನಕ್ಷೆಗಾರ್ತಿ
ಒಳ್ಳೆಯ ಪ್ರಶ್ನೆ. ನಡುಹಗಲನ್ನು ಬಿಟ್ಟು ಸಂಜೆಯನ್ನು ನೋಡಿ. ಮಾರ್ಚ್ 21 ದಾಟಿದ ಮೇಲೆ ಸೂರ್ಯ ಮುಳುಗುವುದು ಪಶ್ಚಿಮದಲ್ಲಲ್ಲ, ವಾಯವ್ಯದ ಕಡೆಗೆ. ಏಪ್ರಿಲ್ ಎರಡನೆಯ ವಾರದಲ್ಲಿ ಸಂಜೆ ನಾಲ್ಕು ಗಂಟೆ ಕಳೆಯುತ್ತಿದ್ದಂತೆ ಬಿಸಿಲು ಉತ್ತರದ ಗೋಡೆಯನ್ನು ಸವರಿಕೊಂಡು ಓರೆಯಾಗಿ ಒಳಗೆ ನುಗ್ಗುತ್ತದೆ. ಅದು ಪರೀಕ್ಷೆಯ ಕಾಲ. ಓರೆ ಬಿಸಿಲನ್ನು ಮೇಲಿನ ಸಜ್ಜ ತಡೆಯುವುದಿಲ್ಲ, ಲಂಬವಾಗಿ ನಿಂತ ಹಲಗೆ ಮಾತ್ರ ತಡೆಯುತ್ತದೆ. ಅದಕ್ಕೇ ಉತ್ತರಕ್ಕೆ ಲಂಬ ಹಲಗೆ.

ದಕ್ಷಿಣದ ಲೆಕ್ಕ ಇನ್ನೂ ಚೆನ್ನಾಗಿದೆ. ಪಡಸಾಲೆಯನ್ನು ನಾನು ಅಳೆದಿದ್ದೇನೆ. ಅಗಲ 7 ಅಡಿ, ಎತ್ತರ 11 ಅಡಿ. ಡಿಸೆಂಬರ್ 21ರ ನಡುಹಗಲಿನಲ್ಲಿ ಇಲ್ಲಿ ಸೂರ್ಯನ ಎತ್ತರ ಸುಮಾರು 53 ಡಿಗ್ರಿ. ಆ ಲೆಕ್ಕದಲ್ಲಿ ಬಿಸಿಲು ಪಡಸಾಲೆಯ ನೆಲ ದಾಟಿ ತರಗತಿಯ ಗೋಡೆಯ ಮೇಲೆ ಎರಡು ಅಡಿ ಹತ್ತುವುದರೊಳಗೆ ನಿಲ್ಲುತ್ತದೆ. ಕಿಟಕಿ ಶುರುವಾಗುವುದು ಮೂರು ಅಡಿಗೆ. ವರ್ಷದ ಅತ್ಯಂತ ಓರೆಯಾದ ನಡುಹಗಲಿನ ಬಿಸಿಲೂ ಮಗುವಿನ ಪುಸ್ತಕದ ಮೇಲೆ ಬೀಳುವುದಿಲ್ಲ. ಫೋಟೋ ನೋಡಿ ನಕಲು ಮಾಡಿದವರಿಗೆ ಈ ಅಳತೆ ಸಿಗುತ್ತದೆಯೇ?

ತುಂಗಾನಾಲೆ
ನಕಲು ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ.

ಸೋಗೆಮನೆ
ನನಗೆ ಈಗ ಒಂದು ಹೊಳೆಯುತ್ತಿದೆ. ನಮ್ಮ ಕಡೆ ಮೇ ಮುಗಿಯುವ ಮೊದಲು ಅಡಿಕೆ ಸೋಗೆಯ ತಟ್ಟಿ ಹೆಣೆದು ಜಗಲಿಗೆ ಕಟ್ಟುತ್ತೇವೆ, ಎರಚಲು ಒಳಗೆ ಬರಬಾರದೆಂದು. ದೀಪಾವಳಿ ಹೊತ್ತಿಗೆ ಬಿಚ್ಚುತ್ತೇವೆ. ಗಾಳಿ ಬರುತ್ತದೆ, ಬೆಳಕು ಸ್ವಲ್ಪ ಬರುತ್ತದೆ, ನೀರು ಬರುವುದಿಲ್ಲ. ನೀವು ಹೇಳುವ ಜಾಲಿಯೂ ಹಲಗೆಯೂ ಅದೇ ಅಲ್ಲವೇ? ಬಿಚ್ಚಲಾಗದ ತಟ್ಟಿ.

ನಕ್ಷೆಗಾರ್ತಿ
ಐದು ವರ್ಷ ಕಾಲೇಜಿನಲ್ಲಿ ಇದನ್ನು ಇಷ್ಟು ಸರಳವಾಗಿ ಯಾರೂ ನನಗೆ ಹೇಳಲಿಲ್ಲ.

ಒಂಬತ್ತನೆಯ ತರಗತಿಯ ತಾಯಿ
ನಿಮ್ಮೆಲ್ಲರ ಮಾತು ಚೆನ್ನಾಗಿದೆ. ನನ್ನ ಮಗಳು ಈಗ ಅದೇ ರೀತಿಯ ಒಂದು ಹಳೆಯ ಕಟ್ಟಡದಲ್ಲಿ ಕೂರುತ್ತಾಳೆ. ಕಳೆದ ಮಳೆಗಾಲ ಅವಳ ಬೆಂಚಿನ ಪಕ್ಕಕ್ಕೆ ಚಾವಣಿಯ ಒಂದು ಚೂರು ಬಿತ್ತು. ಅಂಗೈ ಅಗಲ, ಎರಡು ಬೆರಳು ದಪ್ಪ. ಮನೆಗೆ ತಂದು ತೋರಿಸಿದಳು. ಒಂದು ಕಡೆ ಬಿಳಿ ಬಣ್ಣ, ಇನ್ನೊಂದು ಕಡೆ ತುಕ್ಕಿನ ಗೆರೆ, ಸರಳಿನ ಅಚ್ಚು ಹಾಗೆಯೇ ಮೂಡಿತ್ತು. ಆ ಚೂರನ್ನು ನಾನು ಎಸೆದಿಲ್ಲ, ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಸೂರ್ಯನ ಕೋನ ಎಷ್ಟೇ ಸುಂದರವಾಗಿರಲಿ, ಆ ಚೂರು ಒಂದು ಅಡಿ ಈಚೆಗೆ ಬಿದ್ದಿದ್ದರೆ? ಕೆಡವುತ್ತಾರೆ ಎಂದರೆ ನನಗೆ ಸಮಾಧಾನವೇ ಆಗುತ್ತದೆ.

ಹಳೆಬೆಂಚು
ನಿಮ್ಮ ಮಾತಿಗೆ ಎದುರು ಹೇಳಲು ನನ್ನ ಬಳಿ ಏನೂ ಇಲ್ಲ. ಮಗು ಕ್ಷೇಮವಾಗಿದ್ದಾಳಲ್ಲ, ಅದೇ ದೊಡ್ಡದು.

ಸಿಮೆಂಟು ಸರಳು
ತಾಯಿಯವರೇ, ನೀವು ಹೇಳಿದ್ದು ಎಲ್ಲಕ್ಕಿಂತ ಮೊದಲಿನ ಮಾತು. ಅಂಥ ಚೂರು ಬಿದ್ದ ಕೋಣೆಯಲ್ಲಿ ಒಂದು ದಿನವೂ ತರಗತಿ ನಡೆಸಬಾರದು. ಇದರಲ್ಲಿ ರಾಜಿಯಿಲ್ಲ.

ಆದರೆ ಏನಾಗಿದೆ ಎಂಬುದನ್ನು ತಿಳಿದುಕೊಳ್ಳಿ. ಒಳ್ಳೆಯ ಕಾಂಕ್ರೀಟ್ ಕ್ಷಾರ, ಅದರ ಪಿಎಚ್ ಹನ್ನೆರಡು ಹದಿಮೂರು. ಆ ಕ್ಷಾರವಿರುವವರೆಗೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಒಳಗಿಳಿದು ಕ್ಷಾರವನ್ನು ಕೊಲ್ಲುತ್ತದೆ. ಪಿಎಚ್ ಒಂಬತ್ತಕ್ಕೆ ಇಳಿದರೆ ಕಬ್ಬಿಣದ ರಕ್ಷಣೆ ಹೋಯಿತು. ತುಕ್ಕು ತನ್ನ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಒದೆಯುತ್ತದೆ, ಚೂರು ಬೀಳುತ್ತದೆ. ಸೋರಿಕೆ ಇದ್ದಲ್ಲಿ ಇದು ಬೇಗ. ಹಾಗೆಂದು ಇಡೀ ಕಟ್ಟಡ ಸತ್ತಿದೆ ಎಂದರ್ಥವಲ್ಲ. ಎಲ್ಲಿ, ಎಷ್ಟು ಆಳಕ್ಕೆ ಎಂದು ಪರೀಕ್ಷೆ ಮಾಡಬೇಕು. ಸಡಿಲವಾದದ್ದನ್ನು ಕಿತ್ತು, ಸರಳು ಉಜ್ಜಿ, ಹೊಸ ಗಾರೆ ಕೊಟ್ಟು ದುರಸ್ತಿ ಮಾಡುವುದು ಗೊತ್ತಿರುವ ವಿದ್ಯೆ. ಪರೀಕ್ಷೆಯನ್ನೇ ಮಾಡದೆ ಗೋಡೆಗೆ ಕೆಂಪು ಗುರುತು ಹಾಕುವುದು ಜ್ವರ ನೋಡದೆ ಸಾವಿನ ಪ್ರಮಾಣಪತ್ರ ಬರೆದಂತೆ.

ರಸಾಯನ
ಪರೀಕ್ಷೆಗೆ ಬೇಕಾದದ್ದು ಆ ಶಾಲೆಯ ಪ್ರಯೋಗಾಲಯದಲ್ಲೇ ಇದೆ! ಫಿನಾಲ್ಫ್‌ಥಲೀನ್. ಆಮ್ಲ ಕ್ಷಾರದ ಪ್ರಯೋಗದಲ್ಲಿ ಒಂದು ಹನಿಗೆ ಗುಲಾಬಿಯಾಗುತ್ತದಲ್ಲ, ಅದೇ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಸಿಂಪಡಿಸಿದರೆ ಕ್ಷಾರ ಉಳಿದಿರುವ ಜಾಗ ಕಡುಗುಲಾಬಿಯಾಗುತ್ತದೆ, ಸತ್ತ ಜಾಗ ಬಣ್ಣವಿಲ್ಲದೆ ಉಳಿಯುತ್ತದೆ. ನಾನು ಮಕ್ಕಳಿಗೆ ಇಪ್ಪತ್ತು ವರ್ಷ ಇದನ್ನು ತೋರಿಸಿದ್ದೇನೆ, ಆದರೆ ಗೋಡೆಯ ಮೇಲೆ ಹಾಕಿ ನೋಡಬೇಕೆಂದು ಯೋಚಿಸಿರಲಿಲ್ಲ.

ಭದ್ರಾವತಿ ಕುಲುಮೆ
ಸರಳು, ಸಿಮೆಂಟು ಎಂದದ್ದಕ್ಕೆ ನಾನೂ ಬರೆಯಬೇಕಾಯಿತು. ನಮ್ಮ ತಂದೆ ಕಾರ್ಖಾನೆಯಲ್ಲಿದ್ದವರು. 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1923ರಿಂದ ವಿಶ್ವೇಶ್ವರಯ್ಯನವರು ಅದರ ಅಧ್ಯಕ್ಷರು. ಮೊದಲು ಕಾಡಿನ ಮರದ ಇದ್ದಿಲಿನಲ್ಲೇ ಅದಿರು ಕರಗಿಸುತ್ತಿದ್ದರು. ಆಮೇಲೆ ಅಲ್ಲೇ ಸಿಮೆಂಟೂ ಬಂತು. ಶಿವಮೊಗ್ಗಕ್ಕೆ ಇಪ್ಪತ್ತು ಕಿಲೋಮೀಟರಿನೊಳಗೆ ಕಬ್ಬಿಣವೂ ಸಿಮೆಂಟೂ ಎರಡೂ ಸಿಗುವ ಊರು ಆ ಕಾಲಕ್ಕೆ ರಾಜ್ಯದಲ್ಲಿ ಇನ್ನೆಲ್ಲಿತ್ತು? ಕಾಂಕ್ರೀಟ್ ಪರದೇಶದ್ದು ಎನ್ನುವವರು ಒಮ್ಮೆ ನಮ್ಮ ಊರಿನ ಚಿಮಣಿ ನೋಡಲಿ.

ಶರಾವತಿ ಹಿನ್ನೀರು
ಕಾಂಕ್ರೀಟಿನ ಬಗ್ಗೆ ಎಲ್ಲರೂ ಪ್ರೀತಿಯಿಂದ ಬರೆಯುತ್ತಿದ್ದೀರಿ. ನಮ್ಮ ಮನೆಯಲ್ಲಿ ಆ ಪದಕ್ಕೆ ಬೇರೆ ಅರ್ಥವಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಮ್ಮ ಅಜ್ಜನ ಗದ್ದೆ, ತೋಟ, ಮನೆ ನೀರಿನಡಿ ಹೋಯಿತು. ಶಿವಮೊಗ್ಗದ ಕಡೆ ಬಂದು ಕಾಡು ಕಡಿದು ಮತ್ತೆ ಮೊದಲಿನಿಂದ ಶುರು ಮಾಡಿದರು. ನನ್ನ ತಂದೆಯನ್ನು ಓದಲು ಪೇಟೆಗೆ ಕಳಿಸಿದರು, ಇದೇ ಬಗೆಯ ಶಾಲೆಗೆ. ಹೆಂಚಿನ ಮನೆ ಬಿಟ್ಟರೆ ಬೇರೆ ನೋಡದ ಹುಡುಗ. ಮೊದಲ ದಿನ ಆ ಕಂಬಗಳ ಕೆಳಗೆ ನಿಂತು, ಮೇಲೆ ಇಷ್ಟು ಭಾರ ಹೊತ್ತದ್ದು ಬೀಳುವುದಿಲ್ಲವೇ ಎಂದು ಹೆದರಿದ್ದರಂತೆ. ತಮ್ಮ ಮನೆಯನ್ನು ಮುಳುಗಿಸಿದ ವಸ್ತುವೇ ತಮಗೆ ಅಕ್ಷರದ ಸೂರಾಯಿತು ಎಂದು ಅವರು ಒಂದು ಸಲವೂ ಹೇಳಲಿಲ್ಲ, ಅಂಥ ಮಾತು ಆಡುವವರಲ್ಲ. ಆದರೆ ನಿವೃತ್ತರಾದ ಮೇಲೂ ಆ ರಸ್ತೆಯಲ್ಲಿ ಹೋಗುವಾಗ ಸ್ಕೂಟರ್ ನಿಧಾನ ಮಾಡುತ್ತಿದ್ದರು.

ಉಳಿಸಿ ಎಂದು ಹೇಳಲು ನನಗೆ ಪೂರ್ತಿ ಮನಸ್ಸಿಲ್ಲ. ಕೆಡವಿ ಎಂದು ಹೇಳಲೂ ಆಗುತ್ತಿಲ್ಲ.

ನಿವೃತ್ತ ಮೇಷ್ಟರು
ಹಿನ್ನೀರಿನವರ ಮಾತನ್ನು ಎರಡು ಸಲ ಓದಿದೆ.

ಈಗ ಕಾಲ ನಿರ್ಣಯಕ್ಕೆ ಬರೋಣ, ಹಳೆಬೆಂಚು ಕೇಳಿದ್ದು ಅದನ್ನೇ. ಅಡಿಗಲ್ಲು ಇದೆಯೇ?

ಹಳೆಬೆಂಚು
ಇದೆ. ಆದರೆ ಸುಣ್ಣದ ಮೇಲೆ ಸುಣ್ಣ ಬಳಿದು ಮುಚ್ಚಿಹೋಗಿದೆ. ಉಗುರಿನಿಂದ ಕೆರೆದು ನೋಡಿದೆ. "ಮೈಸೂರು ಸರ್ಕಾರ" ಎಂಬಷ್ಟು ಕಾಣುತ್ತದೆ. ಇಸವಿ ಇರಬೇಕಾದ ಜಾಗದಲ್ಲಿ ವಿದ್ಯುತ್ ಮೀಟರಿನ ಪೆಟ್ಟಿಗೆ ಹೊಡೆದಿದ್ದಾರೆ.

ನಿವೃತ್ತ ಮೇಷ್ಟರು
ಹಾಗಾದರೆ 1973ರ ನವೆಂಬರ್ 1ಕ್ಕಿಂತ ಹಿಂದೆ, ಕರ್ನಾಟಕ ಎಂಬ ಹೆಸರು ಬರುವ ಮೊದಲು. ಇನ್ನೊಂದು ಕಡೆಯಿಂದ ಹಿಡಿಯೋಣ. ಹಿಂಬದಿಯಲ್ಲಿ ಮರಗೆಲಸದ ದೊಡ್ಡ ಕೋಣೆ ಇತ್ತೇ? ಉದ್ದ ಮೇಜು, ಗೋಡೆಗೆ ಉಪಕರಣದ ಗೂಡು?

ಹಳೆಬೆಂಚು
ಇತ್ತು! ನಮ್ಮ ಕಾಲಕ್ಕೆ ಅದು ಮುರಿದ ಬೆಂಚುಗಳ ಉಗ್ರಾಣವಾಗಿತ್ತು. ಅಷ್ಟು ದೊಡ್ಡ ಕೋಣೆ ಏಕೆ ಎಂದು ಯಾರಿಗೂ ಗೊತ್ತಿರಲಿಲ್ಲ.

ನಿವೃತ್ತ ಮೇಷ್ಟರು
ಅದೇ ಕೀಲಿಕೈ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ 1952ರಲ್ಲಿ ನೇಮಕವಾಗಿ 1953ರಲ್ಲಿ ವರದಿ ಕೊಟ್ಟಿತು. ಪ್ರೌಢಶಾಲೆ ಎಂದರೆ ಕಾಲೇಜಿಗೆ ಹೋಗುವ ಮೆಟ್ಟಿಲು ಮಾತ್ರವಲ್ಲ, ಅದೇ ಒಂದು ಪೂರ್ಣ ಶಿಕ್ಷಣವಾಗಬೇಕು, ಕೈಕೆಲಸ, ಕೃಷಿ, ತಾಂತ್ರಿಕ ವಿಷಯ, ವಾಣಿಜ್ಯ ಎಲ್ಲವೂ ಒಂದೇ ಸೂರಿನಡಿ ಸಿಗಬೇಕು ಎಂದಿತು. ಅದನ್ನು ಬಹೂದ್ದೇಶ ಪ್ರೌಢಶಾಲೆ ಎಂದು ಕರೆದರು. ಬರಿಯ ತರಗತಿಗಳ ಸಾಲು ಇದ್ದ ಹಳೆಯ ಶಾಲೆಗಳಲ್ಲಿ ಇದಕ್ಕೆ ಜಾಗವಿರಲಿಲ್ಲ. ಪ್ರಯೋಗಾಲಯ, ಕಾರ್ಯಾಗಾರ, ವಾಚನಾಲಯ ಎಂದು ಹೊಸ ಕೋಣೆಗಳು ಬೇಕಾದವು, ಅವಕ್ಕೆ ಅಗಲವಾದ ಕಂಬಾಂತರ ಬೇಕಾಯಿತು. ಹಾಗೆ ಕಾಂಕ್ರೀಟ್ ಬಂತು. ಚೆಂದಕ್ಕೆಂದು ಮಾತ್ರ ಬಂದದ್ದಲ್ಲ. ನಿಮ್ಮ ಉಗ್ರಾಣ ಒಂದು ಇಡೀ ಶಿಕ್ಷಣ ನೀತಿಯ ಪಳೆಯುಳಿಕೆ.

ಮುಂದೆ 1964ರಿಂದ 66ರವರೆಗೆ ಕೊಠಾರಿ ಆಯೋಗ ಬಂತು, ಹತ್ತನೆಯ ತರಗತಿಯವರೆಗೆ ಎಲ್ಲರಿಗೂ ಒಂದೇ ಪಠ್ಯ ಎಂದಿತು. ಮರಗೆಲಸದ ಕೋಣೆಗೆ ಆಮೇಲೆ ಕೆಲಸ ಕಡಿಮೆಯಾಯಿತು.

ಸಿಮೆಂಟು ಸರಳು
ಒಡೆದ ಕಡೆ ಕಾಣುವ ಸರಳು ನುಣುಪಾದದ್ದೋ, ತಿರುಚಿದ್ದೋ?

ಹಳೆಬೆಂಚು
ನುಣುಪು. ತುದಿ ಕೊಕ್ಕೆಯಂತೆ ಬಾಗಿದೆ.

ಸಿಮೆಂಟು ಸರಳು
ತಿರುಚಿದ ಸರಳು ಎಲ್ಲ ಕಡೆ ಚಾಲ್ತಿಗೆ ಬರುವ ಮೊದಲಿನದು. ನುಣುಪು ಸರಳಿಗೆ ಕಾಂಕ್ರೀಟಿನಲ್ಲಿ ಹಿಡಿತ ಕಡಿಮೆ, ಅದಕ್ಕೇ ಕೊಕ್ಕೆ ಬಾಗಿಸುತ್ತಿದ್ದರು. ಮೇಷ್ಟರ ಲೆಕ್ಕವನ್ನೂ ಸೇರಿಸಿದರೆ 1950ರ ದಶಕದ ನಡುವಿನಿಂದ 60ರ ದಶಕದ ಕೊನೆಯೊಳಗೆ.

ಬಿ.ಎಚ್. ರಸ್ತೆ
ನಕ್ಷೆಗಾರ್ತಿಯವರು ಪಡಸಾಲೆಯನ್ನು ಅಡಿಯಲ್ಲಿ ಅಳೆದರೆ ಸರಿಯಾಗಿ 7, 11 ಬಂದಿದೆ. ಮೆಟ್ರಿಕ್ ಪದ್ಧತಿ ಕಡ್ಡಾಯವಾದದ್ದು 1962ರ ಹೊತ್ತಿಗೆ. ಹಾಗಾದರೆ ಅದಕ್ಕಿಂತ ಹಿಂದೆ. ಈ ಸಲ ನಾನು ಸರಿ.

ಸಿಮೆಂಟು ಸರಳು
ಇಲ್ಲ. ಗಾರೆಯವರು ಇಂದಿಗೂ ಅಡಿಯಲ್ಲೇ ಅಳೆಯುತ್ತಾರೆ. ನನ್ನ ಹೊಸ ಮನೆಯ ಪಡಸಾಲೆಯೂ 7 ಅಡಿಯೇ.

ಹೊನ್ನೆಮರ
ಮುರಿದ ಬೆಂಚುಗಳು ಎಂದಿರಲ್ಲ, ಅವು ಯಾವ ಮರ? ನಾನು ಮರಗೆಲಸದವನು. ಆ ಕಾಲದ ಶಾಲೆಯ ಬೆಂಚುಗಳಲ್ಲಿ ಹೊನ್ನೆ, ಮತ್ತಿ, ಸಾಗುವಾನಿ ಇರುತ್ತಿದ್ದವು. ಶಾಯಿ ಕುಡಿಕೆ ಇಡಲು ದುಂಡನೆಯ ತೂತು, ಲೇಖನಿಗೆ ಒಂದು ಗೀರು. ಬೆಸುಗೆಯೆಲ್ಲ ಗೂಟದ್ದು, ಮೊಳೆ ಒಂದೂ ಇಲ್ಲ. ಗುಜರಿಗೆ ತೂಕದ ಮೇಲೆ ಮಾರುವುದನ್ನು ಕಣ್ಣಾರೆ ನೋಡಿದ್ದೇನೆ. ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಕ್ಷೆಗಾರ್ತಿ
ಚಂಡೀಗಢದಲ್ಲೂ ಇದೇ ಆಯಿತು. ಕಚೇರಿಗಳಿಂದ ಗುಜರಿಗೆ ಹೋದ ಜೆನರೆಯ ಕುರ್ಚಿಗಳು ಇಂದು ಪರದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋಗುತ್ತವೆ. ಅವು ಬೆಲೆಬಾಳುವಂಥವು ಎಂದು ನಮಗೆ ತಿಳಿದದ್ದು ಬೇರೆಯವರು ಕೊಂಡ ಮೇಲೆ.

ಹಳೆಬೆಂಚು
ನಮ್ಮವು ಹೊನ್ನೆ. ಒದ್ದೆ ಕೈಯಿಟ್ಟರೆ ಬಟ್ಟೆಗೆ ಹಳದಿ ಬಣ್ಣ ಹತ್ತುತ್ತಿತ್ತು.

ತುಂಗಾನಾಲೆ
ಕಾನೂನಿನ ರಕ್ಷಣೆ ಏನಾದರೂ ಸಿಗುತ್ತದೆಯೇ? ಪರಂಪರೆಯ ಕಟ್ಟಡ ಎಂದು?

ನಕ್ಷೆಗಾರ್ತಿ
ಕಷ್ಟ. ಕೇಂದ್ರದ 1958ರ ಸ್ಮಾರಕ ಕಾಯ್ದೆಗೆ ಕನಿಷ್ಠ ನೂರು ವರ್ಷ ಆಗಿರಬೇಕು. ಸ್ವಾತಂತ್ರ್ಯದ ನಂತರ ನಾವು ಕಟ್ಟಿದ್ದು ಒಂದೂ ಆ ಲೆಕ್ಕಕ್ಕೆ ಬರುವುದಿಲ್ಲ. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ವಿನ್ಯಾಸ ಮಾಡಿ, ಮಹೇಂದ್ರ ರಾಜ್ ಇಂಜಿನಿಯರ್ ಆಗಿ 1972ರಲ್ಲಿ ಎದ್ದ ಹಾಲ್ ಆಫ್ ನೇಷನ್ಸ್ ಪ್ರಪಂಚವೇ ಮೆಚ್ಚಿದ ಕಟ್ಟಡ. ವಯಸ್ಸು ಸಾಲದು ಎಂದು ಪರಂಪರೆಯ ಪಟ್ಟಿಗೆ ಸೇರಲಿಲ್ಲ. 2017ರ ಏಪ್ರಿಲ್‌ನಲ್ಲಿ ರಾತ್ರಿ ಕೆಡವಿದರು. ಅಹಮದಾಬಾದಿನ ಐಐಎಂನಲ್ಲಿ ಲೂಯಿ ಕಾನ್ ಕಟ್ಟಿದ ವಿದ್ಯಾರ್ಥಿ ನಿಲಯಗಳನ್ನು 2020ರ ಕೊನೆಯಲ್ಲಿ ಕೆಡವಲು ಹೊರಟಾಗ ಜಗತ್ತೆಲ್ಲ ವಿರೋಧಿಸಿ ಸ್ವಲ್ಪ ದಿನ ನಿಲ್ಲಿಸಿತು, 2022ರಲ್ಲಿ ಮತ್ತೆ ಕೆಡವುವ ಮಾತೇ ಬಂತು. ಅಂಥವಕ್ಕೇ ಹೀಗಾದರೆ ಹೆಸರಿಲ್ಲದ ನಮ್ಮ ಶಾಲೆಗೆ ಯಾರು ಬರುತ್ತಾರೆ? ಬಂದರೆ ನಾವೇ ಬರಬೇಕು.

ಒಂಬತ್ತನೆಯ ತರಗತಿಯ ತಾಯಿ
ನಾನು ಮತ್ತೆ ಬರೆಯುತ್ತಿದ್ದೇನೆ. ಪರೀಕ್ಷೆ ಮಾಡಬಹುದು ಎಂದು ಇಲ್ಲಿ ಓದಿದ ಮೇಲೆ ಆ ಚೂರನ್ನು ರಸಾಯನದವರ ಬಳಿ ಒಯ್ದೆ. ಅವರು ಅದನ್ನು ಸುತ್ತಿಗೆಯಿಂದ ಎರಡಾಗಿ ಒಡೆದು ಹನಿ ಹಾಕಿದರು. ಒಂದು ಕಡೆಯೂ ಬಣ್ಣ ಬರಲಿಲ್ಲ. ಮಗಳು ಪಕ್ಕದಲ್ಲೇ ನಿಂತು ನೋಡಿದಳು. "ಇದು ಬಿದ್ದ ಚೂರು, ಬೀಳದೆ ಉಳಿದದ್ದು ಹೇಗಿದೆ ಎಂದು ನೋಡಬೇಡವೇ ಅಮ್ಮ?" ಎಂದು ಕೇಳಿದಳು.

ರಸಾಯನ
ಅವಳ ಪ್ರಶ್ನೆಯನ್ನು ಹಿಡಿದೇ ಹಳೆಬೆಂಚಿನ ಶಾಲೆಗೂ ಹೋದೆವು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಭಾನುವಾರ, ನಾನು, ಸಿಮೆಂಟು ಸರಳು, ಹಳೆಬೆಂಚು ಮೂವರು. ಎಲ್ಲೂ ಹೊಸದಾಗಿ ದೊಡ್ಡದಾಗಿ ಒಡೆಯಲಿಲ್ಲ, ಆಗಲೇ ಬಿರುಕು ಬಿಟ್ಟ ಅಂಚುಗಳಲ್ಲಿ ಬೆರಳಗಲ ಮಾತ್ರ ಕೆತ್ತಿದೆವು.

ತಾರಸಿಯ ದೋಣಿಯ ಕೆಳಗಿನ ಚಾವಣಿ: ಬಣ್ಣವಿಲ್ಲ, ಸರಳಿನವರೆಗೂ ಸತ್ತಿದೆ. ಉತ್ತರದ ಹಲಗೆಗಳಲ್ಲಿ ಮೂರು: ಹಾಗೆಯೇ. ಕೆಳಗಿನ ಕಂಬಗಳು, ನೆರಳಿನಲ್ಲಿ ಒಣಗಿಯೇ ಇದ್ದವು: ಅರ್ಧ ಇಂಚಿನ ಒಳಗೆ ಕಡುಗುಲಾಬಿ. ನಾವು ನೋಡಿದ ಆರು ಕಂಬಗಳೂ ಹಾಗೆಯೇ. ಜಾಲಿಯ ಮೆಟ್ಟಿಲು, ಕೆಂಪು ಗುರುತು ಹಾಕಿದ ಅದೇ ಗೋಡೆ: ಗುಲಾಬಿ.

ಸಿಮೆಂಟು ಸರಳು
ಇದು ಪೂರ್ಣ ತಪಾಸಣೆಯಲ್ಲ, ಯಾರೂ ಹಾಗೆ ತಿಳಿಯಬೇಡಿ. ಆದರೆ ಪೂರ್ಣ ತಪಾಸಣೆ ಮಾಡಿಸಿ ಎಂದು ಕೇಳಲು ಇಷ್ಟು ಸಾಕು. ದೋಣಿಯ ಕೆಳಗಿನ ಎರಡು ಕೋಣೆಗಳನ್ನು ಮಾತ್ರ ಕೂಡಲೇ ಮುಚ್ಚಬೇಕು, ಅದನ್ನು ಬರವಣಿಗೆಯಲ್ಲಿ ಕೊಟ್ಟಿದ್ದೇವೆ. ಮುಖ್ಯೋಪಾಧ್ಯಾಯರು ಅಂದೇ ಬೀಗ ಹಾಕಿಸಿದರು.

ಸೋಗೆಮನೆ
ತಾರಸಿಯ ದೋಣಿ ಯಾರಾದರೂ ನೋಡಿದಿರಾ?

ಹಳೆಬೆಂಚು
ನೋಡಿದೆ. ಅರಳಿ ಸಸಿ ಬೆಳೆದಿದೆ, ನನ್ನ ಮೊಣಕಾಲೆತ್ತರ. ಬೇರು ಗಾರೆಯೊಳಗೆ ಹೋಗಿದೆ.

ಮುಂದಿನ ಶನಿವಾರ ಮಧ್ಯಾಹ್ನ ಅರ್ಜಿ ಬರೆಯಲು ಕೂರುತ್ತೇವೆ. ಮೇಷ್ಟರು ಬಹೂದ್ದೇಶ ಶಾಲೆಯ ಭಾಗ ಬರೆಯುತ್ತಾರೆ, ನಕ್ಷೆಗಾರ್ತಿ ಬಿಸಿಲಿನ ಚಿತ್ರ ಬಿಡಿಸಿ ಕೊಡುತ್ತಾರೆ. ಹಿನ್ನೀರಿನವರೇ, ನಿಮ್ಮ ತಂದೆಯವರ ಮಾತನ್ನು ಸೇರಿಸಬಹುದೇ?

ಶರಾವತಿ ಹಿನ್ನೀರು
ಸೇರಿಸಿ. ಮನೆ ಮುಳುಗಿದ್ದನ್ನೂ ಸೇರಿಸಿ, ಬರಿಯ ಶಾಲೆಯ ಭಾಗವನ್ನು ಮಾತ್ರ ಅಲ್ಲ.

ಹಳೆಬೆಂಚು
ಎರಡನ್ನೂ ಸೇರಿಸುತ್ತೇನೆ.

ಸೋಗೆಮನೆ
ಶನಿವಾರ ನಾನು ಬೆಳಗಿನ ಬಸ್ಸಿಗೇ ಬರುತ್ತೇನೆ, ಕತ್ತಿ ಮತ್ತು ಹಗ್ಗ ತರುತ್ತೇನೆ. ಅರ್ಜಿ ಮಧ್ಯಾಹ್ನಕ್ಕಿರಲಿ, ಮೊದಲು ಆ ಸಸಿಯನ್ನು ಬೇರು ಸಮೇತ ತೆಗೆಯಬೇಕು. ಆರಿದ್ರಾ ಮಳೆ ಹಿಡಿದರೆ ಆಮೇಲೆ ಮೇಲೆ ಹತ್ತಲಾಗುವುದಿಲ್ಲ. ಏಣಿ ಯಾರ ಬಳಿಯಾದರೂ ಇದೆಯೇ?

ಹೊನ್ನೆಮರ
ನನ್ನ ಬಳಿ ಇದೆ. ಹದಿನೆಂಟು ಅಡಿಯದು.